ಗಂಡಸರು ಬೇಗ ಸಾಯುತ್ತಿದ್ದ ಸೀಮೆ: ಉತ್ತರ ಕರೇಲಿಯಾದ ಒಂದು ಪ್ರಕರಣ

ಫಿನ್ಲೆಂಡಿನ ಪೂರ್ವದ ತುದಿಯಲ್ಲಿ, ರಷ್ಯಾದ ಗಡಿಗೆ ಅಂಟಿಕೊಂಡು ಉತ್ತರ ಕರೇಲಿಯಾ ಅನ್ನೋ ಪ್ರಾಂತ್ಯ ಇದೆ. ಎಲ್ಲಿ ನೋಡಿದರೂ ಕಾಡು, ಕೆರೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ. 1970ರ ಸುಮಾರಿಗೆ ಅಲ್ಲಿದ್ದವರು ಹೆಚ್ಚುಕಡಿಮೆ 1,80,000 ಜನ. ಮರ ಕಡಿಯೋದು, ಹಸು ಹಂದಿ ಸಾಕೋದು ಅಲ್ಲಿನ ಬದುಕು.

ಆ ಜನರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ತಮ್ಮೂರ ಗಂಡಸರು ಬೇಗ ಹೋಗಿಬಿಡುತ್ತಾರೆ. ಬೆಳಿಗ್ಗೆ ಕೊಡಲಿ ಹಿಡಿದು ಕಾಡಿಗೆ ಹೋಗುವಷ್ಟು ಗಟ್ಟಿ ಇದ್ದವರು, ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಕುಸಿಯುತ್ತಿದ್ದರು. 1969ರಿಂದ 1971ರ ಲೆಕ್ಕ ನೋಡಿದರೆ, 35ರಿಂದ 64 ವಯಸ್ಸಿನ ಗಂಡಸರಲ್ಲಿ ವರ್ಷಕ್ಕೆ ಲಕ್ಷಕ್ಕೆ 672 ಮಂದಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುತ್ತಿದ್ದರು. 2006ರ ಹೊತ್ತಿಗೆ ಅದೇ ಸಂಖ್ಯೆ 103ಕ್ಕೆ ಇಳಿದಿತ್ತು. ಅಂದರೆ ಶೇ 85ರಷ್ಟು ಕಡಿಮೆ.

ನಡುವೆ ಏನಾಯಿತು ಅಂತ ವಿವರವಾಗಿ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಅದಕ್ಕೆ ನಮ್ಮ ಮನೆಯದೇ ಒಂದು ಕಾರಣ ಇದೆ. ಅಪ್ಪನಿಗೆ ಬಿಪಿ ಅಂತ ಗೊತ್ತಾದಾಗ ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದರು. ಅಪ್ಪ ಹೂಂ ಅಂದು ಎದ್ದು ಬಂದರು. ಆದರೆ ನಮ್ಮ ಮನೆಯಲ್ಲಿ ಸಾರು ಕುದಿಯುತ್ತಿದ್ದದ್ದು ಆರು ಜನಕ್ಕೆ ಒಂದೇ ಪಾತ್ರೆಯಲ್ಲಿ. ಅದಕ್ಕೆ ಉಪ್ಪು ಹಾಕುತ್ತಿದ್ದದ್ದು ಅಮ್ಮ. ಆ ಅಮ್ಮನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕರೇಲಿಯಾದಲ್ಲಿ ಕೇಳಿದರು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಅಷ್ಟೇ.

ಬಡತನ ಹೋಯಿತು, ಬೆಣ್ಣೆ ಬಂತು

ಎರಡನೇ ಮಹಾಯುದ್ಧ ಮುಗಿದ ಮೇಲೆ ಫಿನ್ಲೆಂಡ್ ಸರ್ಕಾರ ಯುದ್ಧದಿಂದ ಮರಳಿದ ಸೈನಿಕರಿಗೆ ತುಂಡು ತುಂಡು ಜಮೀನು ಕೊಟ್ಟಿತು. ಕಾಡು ಕಡಿದು ನೆಲ ಮಾಡಿಕೊಂಡವರು ಹಸು, ಹಂದಿ ಕಟ್ಟಿಕೊಂಡರು. ಅಲ್ಲಿಯವರೆಗೆ ಕಷ್ಟ ಉಂಡ ಜನ. ಈಗ ಮನೆಯಲ್ಲೇ ಹಾಲು, ಮನೆಯಲ್ಲೇ ಬೆಣ್ಣೆ, ಮನೆಯದೇ ಹಂದಿ. ಹೊಟ್ಟೆ ತುಂಬ ತಿಂದರು. ಸೈನ್ಯದಲ್ಲಿ ಅಂಟಿದ ಸಿಗರೇಟನ್ನೂ ಬಿಡಲಿಲ್ಲ.

ಅಲ್ಲಿನ ಊಟ ಹೇಗಿತ್ತು ಅಂತ ತಿಳಿಯಲು ಒಂದು ತಿಂಡಿ ನೋಡಿದರೆ ಸಾಕು. ಅದರ ಹೆಸರು ಪಿರಕ್ಕಾ. ಹಸ್ತದಷ್ಟು ಉದ್ದದ, ದೋಣಿ ಆಕಾರದ ತಿಂಡಿ. ರೈ ಅನ್ನೋ ಧಾನ್ಯದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಮಧ್ಯದಲ್ಲಿ ಹಾಲಲ್ಲಿ ಬೆಂದ ಅನ್ನದ ಗಂಜಿ ಇಡುತ್ತಾರೆ. ಅಂಚನ್ನು ಬೆರಳಿಂದ ನೆರಿಗೆ ನೆರಿಗೆಯಾಗಿ ಒತ್ತಿ, ಬಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ. ಹೊರಗೆ ತೆಗೆದ ತಕ್ಷಣ ಮೇಲೆಲ್ಲ ಕರಗಿದ ಬೆಣ್ಣೆ ಸವರುತ್ತಾರೆ. ಆಮೇಲೆ ಬೇಯಿಸಿದ ಮೊಟ್ಟೆಯನ್ನು ಬೆಣ್ಣೆಯಲ್ಲಿ ಕಿವುಚಿ, ಆ ಮುದ್ದೆಯನ್ನು ಮೇಲೆ ಇಟ್ಟುಕೊಂಡು ತಿನ್ನುತ್ತಾರೆ. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಮುದ್ದೆ ಕರಗೋದನ್ನು ನೋಡಿ ಬೆಳೆದ ನಮಗೆ ಅವರ ಆಸೆ ಅರ್ಥವಾಗದೇ ಇರುತ್ತದಾ? ಬ್ರೆಡ್ಡಿಗೆ ಬೆಣ್ಣೆ, ಆಲೂಗಡ್ಡೆ ಹುರಿಯಲು ಬೆಣ್ಣೆ, ಊಟದ ಜೊತೆ ಕೆನೆ ಹಾಲು. ತರಕಾರಿ ಮಾತ್ರ ತೀರಾ ಕಮ್ಮಿ. ಅದು ದನಕರುಗಳಿಗೆ, ಗಂಡಸರಿಗಲ್ಲ ಅನ್ನೋ ಭಾವನೆ ಊರಲ್ಲಿತ್ತು.

ಇದರಲ್ಲಿ ಏನೋ ಎಡವಟ್ಟಿದೆ ಅಂತ ಮೊದಲು ಲೆಕ್ಕ ಹಾಕಿ ತೋರಿಸಿದ್ದು ಅಮೆರಿಕದ ಆನ್ಸೆಲ್ ಕೀಸ್ ಅವರ ಏಳು ದೇಶಗಳ ಅಧ್ಯಯನ. 1958ರಲ್ಲಿ ಅದು ಶುರುವಾಯಿತು. ಫಿನ್ಲೆಂಡಿನಲ್ಲಿ ಅದರ ಹೊಣೆ ಹೊತ್ತವರು ಮಾರ್ಟಿ ಕಾರ್ವೊನೆನ್. ಪೂರ್ವ ಫಿನ್ಲೆಂಡಿನ ಗಂಡಸರು, ಗ್ರೀಸಿನ ಕ್ರೀಟ್ ದ್ವೀಪದ ಗಂಡಸರು, ಇಬ್ಬರೂ ಮೈಮುರಿದು ದುಡಿಯುವವರೇ. ಆದರೆ ಹೃದಯದ ಕಾಯಿಲೆಯಲ್ಲಿ ಪೂರ್ವ ಫಿನ್ಲೆಂಡಿನವರು ಪಟ್ಟಿಯ ತೀರಾ ಮೇಲೆ, ಕ್ರೀಟಿನವರು ತೀರಾ ಕೆಳಗೆ. ದುಡಿದವನಿಗೆ ಯಾವ ಕಾಯಿಲೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವಲ್ಲ, ಆ ಮಾತು ಈ ಮರ ಕಡಿಯುವವರ ವಿಷಯದಲ್ಲಿ ನಿಲ್ಲಲಿಲ್ಲ.

ಊರವರೇ ಬರೆದ ಅರ್ಜಿ

ಈ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಕರೇಲಿಯಾದ ಜನ ಸುಮ್ಮನೆ ಕೂರಲಿಲ್ಲ. 1971ರ ಜನವರಿಯಲ್ಲಿ ಪ್ರಾಂತ್ಯದ ಗವರ್ನರ್ ಎಸಾ ಟಿಮೊನೆನ್, ಅಲ್ಲಿನ ಸಂಸತ್ ಸದಸ್ಯರು, ಊರ ಸಂಘಗಳ ಪ್ರತಿನಿಧಿಗಳು ಒಂದು ಅರ್ಜಿಗೆ ಸಹಿ ಹಾಕಿ ಸರ್ಕಾರಕ್ಕೆ ಕೊಟ್ಟರು. ನಮ್ಮ ಜನ ಸಾಯುತ್ತಿದ್ದಾರೆ, ಏನಾದರೂ ಮಾಡಿ ಅನ್ನೋದು ಅದರ ಸಾರ. ಆರೋಗ್ಯ ಯೋಜನೆಗಳು ಸಾಮಾನ್ಯವಾಗಿ ರಾಜಧಾನಿಯಿಂದ ಹಳ್ಳಿಗೆ ಇಳಿಯುತ್ತವೆ. ಇಲ್ಲಿ ಹಳ್ಳಿಯಿಂದ ಕೂಗು ಹೋಯಿತು. ಮುಂದೆ ಮನೆ ಮನೆಯ ಬಾಗಿಲು ತೆರೆದದ್ದಕ್ಕೆ ಇದು ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ನೆರವಿನಿಂದ ಯೋಜನೆ ತಯಾರಾಯಿತು. 1972ರಲ್ಲಿ ಕೆಲಸ ಶುರು. ಮುಖ್ಯಸ್ಥನಾಗಿ ಬಂದವರು ಪೆಕ್ಕಾ ಪುಸ್ಕಾ. ಇನ್ನೂ ಮೂವತ್ತು ತುಂಬದ ವೈದ್ಯ. ವೈದ್ಯಕೀಯದ ಜೊತೆಗೆ ಸಮಾಜ ವಿಜ್ಞಾನವನ್ನೂ ಓದಿದ್ದವರು.

ಮೊದಲು ಅಳತೆ ತೆಗೆದರು. ಗಂಡಸರ ಸರಾಸರಿ ಕೊಲೆಸ್ಟ್ರಾಲ್, ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 267. ನಮ್ಮಲ್ಲಿ 200 ದಾಟಿದರೆ ಲ್ಯಾಬಿನವರು ಗುರುತು ಹಾಕಿ ಕೊಡುತ್ತಾರೆ, ಅಲ್ವಾ? ಅಲ್ಲಿ 267 ಅನ್ನೋದು ಯಾರೋ ಒಬ್ಬ ರೋಗಿಯ ಸಂಖ್ಯೆ ಆಗಿರಲಿಲ್ಲ. ಊರಿನ ಎಲ್ಲ ಗಂಡಸರ ಸರಾಸರಿ ಅದು. ಬಿಪಿ ಸರಾಸರಿ 149/92. ನೂರಕ್ಕೆ 52 ಗಂಡಸರು ಸಿಗರೇಟು ಸೇದುತ್ತಿದ್ದರು.

ಈ ಅಳತೆಯೇ ದಾರಿ ತೋರಿಸಿತು. ಕೊಲೆಸ್ಟ್ರಾಲ್ ವಿಪರೀತ ಇರುವವರನ್ನು ಹುಡುಕಿ ಮಾತ್ರೆ ಕೊಡೋಣ ಅಂತ ಹೊರಟರೆ ಕೆಲಸ ಮುಗಿಯೋದಿಲ್ಲ. ತೀರಾ ಮೇಲಿರುವವರು ಕೆಲವೇ ಜನ. ಮಧ್ಯದಲ್ಲಿ, ಅಷ್ಟಿಷ್ಟು ಜಾಸ್ತಿ ಇರುವವರು ಸಾವಿರಾರು. ಸಾವುಗಳಲ್ಲಿ ಹೆಚ್ಚಿನವು ಆ ಮಧ್ಯದ ಗುಂಪಿನಿಂದಲೇ ಬರುತ್ತವೆ. ಹಾಗಾಗಿ ಇಡೀ ಊರಿನ ಸರಾಸರಿಯನ್ನೇ ಕೆಳಗೆ ಎಳೆಯಬೇಕು. ಇಡೀ ಊರು ಅಂದರೆ ಅಂಗಡಿ, ಡೇರಿ, ಶಾಲೆ, ಅಡುಗೆಮನೆ ಎಲ್ಲವೂ ಬಂತು.

ಮಾರ್ಥಾ ಹೆಂಗಸರು

ಮೊದಮೊದಲು ಕರಪತ್ರ ಹಂಚಿದರು, ಸಭೆ ಮಾಡಿದರು. ತಲೆಯಾಡಿಸಿ ಕೇಳಿದವರು ಮನೆಗೆ ಹೋಗಿ ಮತ್ತೆ ಬೆಣ್ಣೆಯಲ್ಲೇ ಹುರಿದರು. ಹೇಳಿದ್ದು ಅರ್ಥವಾಗಲಿಲ್ಲ ಅಂತಲ್ಲ. ಬೇರೆ ಹೇಗೆ ಅಡುಗೆ ಮಾಡೋದು ಅಂತ ಕೈಗೆ ಗೊತ್ತಿರಲಿಲ್ಲ.

ಅಲ್ಲಿ ಮಾರ್ಥಾ ಅಂತ ಗೃಹಿಣಿಯರ ಸಂಘಟನೆ ಇದೆ. 1899ರಲ್ಲಿ ಹುಟ್ಟಿದ್ದು. ಹಳ್ಳಿ ಹಳ್ಳಿಯಲ್ಲೂ ಅದರ ಶಾಖೆ. ನಮ್ಮ ಮಹಿಳಾ ಮಂಡಳಿಗಳನ್ನು ನೆನೆದುಕೊಳ್ಳಿ. ಪುಸ್ಕಾ ತಂಡ ಅವರ ಬಾಗಿಲು ತಟ್ಟಿತು. ಆ ಹೆಂಗಸರಿಗೆ ಯಾರೂ ಒಪ್ಪಿಸಿ ಹೇಳಬೇಕಾಗಿರಲಿಲ್ಲ. ಗಂಡನನ್ನೋ ತಂದೆಯನ್ನೋ ಕಳೆದುಕೊಂಡವರು ಅವರಲ್ಲಿ ಬಹಳ ಜನ ಇದ್ದರು.

ಅವರು ಸೇರಿ ದೀರ್ಘಾಯುಷ್ಯದ ಕೂಟ ಅಂತ ಶುರು ಮಾಡಿದರು. ಮಧ್ಯಾಹ್ನ ಊರ ಹೆಂಗಸರು ಒಂದು ಕಡೆ ಸೇರಿ ಅಡುಗೆ ಮಾಡುತ್ತಾರೆ. ಊರವರೆಲ್ಲ ಬಂದು ಊಟ ಮಾಡುತ್ತಾರೆ. ಯೋಜನೆಯವರು ಎದ್ದು ನಿಂತು ನಾಲ್ಕು ಮಾತಾಡುತ್ತಾರೆ. ಪಾಕ ಬೇಕಾದವರು ಬರೆದುಕೊಂಡು ಹೋಗುತ್ತಾರೆ.

ಅವರು ಹೊಸ ಅಡುಗೆ ತರಲಿಲ್ಲ, ಅದೇ ಅವರ ಜಾಣತನ. ಕರೇಲಿಯಾದ ಹೆಸರುವಾಸಿ ಅಡುಗೆ ಪಾಯಿಸ್ತಿಯನ್ನೇ ಎತ್ತಿಕೊಂಡರು. ಹಂದಿ ಮಾಂಸ, ದನದ ಮಾಂಸ ದಪ್ಪ ದಪ್ಪ ತುಂಡು ಮಾಡಿ ಮಡಕೆಗೆ ಹಾಕಿ, ಉಪ್ಪು, ಕಾಳುಮೆಣಸು, ನೀರು ಸೇರಿಸಿ, ಓವನ್ನಿನಲ್ಲಿ ಗಂಟೆಗಟ್ಟಲೆ ಬಿಡುವ ಅಡುಗೆ ಅದು. ಬೆಂದ ಮೇಲೆ ಕೊಬ್ಬು ಮೇಲೆ ತೇಲುತ್ತಿರುತ್ತದೆ. ಮಾರ್ಥಾ ಹೆಂಗಸರು ಮಾಂಸದ ಕೊಬ್ಬು ತೆಗೆದರು. ಉಪ್ಪು ಇಳಿಸಿದರು. ತೆಗೆದ ಜಾಗಕ್ಕೆ ಕ್ಯಾರೆಟ್, ಆಲೂಗಡ್ಡೆ, ಮತ್ತೆ ಟರ್ನಿಪ್ಪಿನ ನೆಂಟನಂಥ ಒಂದು ಗೆಡ್ಡೆ ಹಾಕಿದರು. ಆ ಗೆಡ್ಡೆ ಅಲ್ಲಿ ಹಿತ್ತಲಲ್ಲೇ ಬೆಳೆಯುತ್ತದೆ, ಚಳಿಗಾಲಕ್ಕೂ ಇಟ್ಟುಕೊಳ್ಳಬಹುದು. ಮಾಂಸದ ರಸವನ್ನೆಲ್ಲ ಹೀರಿಕೊಂಡು ಮೆತ್ತಗಾಗುತ್ತದೆ. ಮಡಕೆ ಅದೇ, ಹೆಸರು ಅದೇ. ತಿಂದವರು ಬೇಡ ಅನ್ನಲಿಲ್ಲ.

ನಮ್ಮ ಮನೆಯಲ್ಲೂ ಆಮೇಲೆ ಆದದ್ದು ಇಂಥದ್ದೇ. ಅಮ್ಮ ಅಪ್ಪನಿಗೆ ಬೇರೆ ಸಾರು ಮಾಡಲು ಹೋಗಿ ಹದಿನೈದು ದಿನಕ್ಕೆ ಸುಸ್ತಾದರು. ಕೊನೆಗೆ ಎಲ್ಲರ ಸಾರಿಗೂ ಉಪ್ಪು ಕಮ್ಮಿ ಮಾಡಿ, ನಿಂಬೆಹುಳಿ ಜಾಸ್ತಿ ಹಿಂಡಿದರು. ಒಂದು ವಾರ ಗೊಣಗಿದೆವು, ಆಮೇಲೆ ಮರೆತೆವು.

ಇದರ ಜೊತೆಗೆ ಊರಲ್ಲಿ ಯಾರ ಮಾತಿಗೆ ಬೆಲೆ ಇದೆ ಅಂತ ವಿಚಾರಿಸಿ, ಅಂಥವರನ್ನು ಹುಡುಕಿದರು. ಡಾಕ್ಟರಲ್ಲ, ಅಧಿಕಾರಿಯಲ್ಲ. ನಾಲ್ಕು ಜನ ಹೋಗಿ ಸಲಹೆ ಕೇಳುವಂಥ ಸಾಮಾನ್ಯರು. ಅಂಥ 800ಕ್ಕೂ ಹೆಚ್ಚು ಜನರಿಗೆ ತರಬೇತಿ ಕೊಟ್ಟರು. ಅವರ ಕೆಲಸ ಭಾಷಣ ಮಾಡೋದಲ್ಲ. ಅಂಗಡಿಯಲ್ಲಿ, ದಾರಿಯಲ್ಲಿ, ಪಕ್ಕದ ಮನೆಯ ಜಗುಲಿಯಲ್ಲಿ ಮಾತಿನ ನಡುವೆ ಹೇಳೋದು. ಬಿಪಿ ನೋಡಿಕೊಳ್ಳುವ ಕೆಲಸವನ್ನು ನರ್ಸುಗಳಿಗೆ ವಹಿಸಿದರು. ಬಿಪಿ ಇರುವವರ ಹೆಸರು ಬರೆದಿಟ್ಟು, ಬಾರದೇ ಹೋದರೆ ಅವರನ್ನು ಕರೆಸುವ ಏರ್ಪಾಡಾಯಿತು.

ಆಮೇಲಾಮೇಲೆ ಹಳ್ಳಿ ಹಳ್ಳಿಯ ನಡುವೆ ಕೊಲೆಸ್ಟ್ರಾಲ್ ಪಂದ್ಯವೂ ನಡೆಯಿತು. ಊರವರೆಲ್ಲ ರಕ್ತ ಕೊಟ್ಟು ಅಳತೆ ಮಾಡಿಸಿಕೊಳ್ಳಬೇಕು. ಒಂದೆರಡು ತಿಂಗಳು ಕಳೆದು ಮತ್ತೆ ಅಳತೆ. ಯಾವ ಹಳ್ಳಿಯ ಸರಾಸರಿ ಜಾಸ್ತಿ ಇಳಿಯಿತೋ ಆ ಹಳ್ಳಿ ಗೆದ್ದ ಹಾಗೆ. ಪಕ್ಕದೂರಿಗಿಂತ ಹಿಂದೆ ಬೀಳಬಾರದು ಅನ್ನೋ ಹಟ ಯಾವ ದೇಶದಲ್ಲೂ ಒಂದೇ.

ಡೇರಿ, ಸಾಸೇಜ್, ಬೆರ್ರಿ ಹಣ್ಣು

ಅಡುಗೆಮನೆ ಬದಲಾಗಲು ಅಂಗಡಿಯಲ್ಲಿ ಬೇರೆ ಸಾಮಾನು ಸಿಗಬೇಕು. ಕೊಬ್ಬು ಕಮ್ಮಿ ಇರುವ ಹಾಲೇ ಸಿಗದಿದ್ದರೆ ಎಲ್ಲಿಂದ ತರೋದು? ಹಾಗಾಗಿ ತಂಡದವರು ವ್ಯಾಪಾರಸ್ಥರ ಹತ್ತಿರ ಹೋಗಿ ಕೂತರು. ಅಲ್ಲಿನ ಸಾಸೇಜ್ ತಯಾರಕರೊಬ್ಬರು ಹಂದಿ ಕೊಬ್ಬು ಸ್ವಲ್ಪ ತೆಗೆದು, ಆ ಜಾಗಕ್ಕೆ ಅಣಬೆ ಸೇರಿಸಲು ಒಪ್ಪಿದರು. ಕಾಡಿನ ತುಂಬ ಅಣಬೆ ಬಿಡುವ ಸೀಮೆ ಅದು. ರುಚಿ ಹಿಡಿಯಿತು, ವ್ಯಾಪಾರವೂ ಆಯಿತು.

ಡೇರಿಯವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವರ ಸಿಟ್ಟನ್ನು ನಾನು ತಪ್ಪು ಅನ್ನೋದಿಲ್ಲ. ಬೆಣ್ಣೆ ತಿನ್ನಬೇಡಿ ಅಂತ ಡೇರಿ ಸೀಮೆಯಲ್ಲೇ ಹೇಳಿದರೆ ಹಸು ಕಟ್ಟಿದವನ ಗತಿ ಏನು? ಮಂಡ್ಯದಲ್ಲಿ ನಿಂತು ಬೆಲ್ಲ ಬಿಡಿ ಅಂದ ಹಾಗೆ. ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಹಾಲಿಗೆ ರೈತನಿಗೆ ಸಿಗುತ್ತಿದ್ದ ಬೆಲೆ ಅದರ ಕೊಬ್ಬಿನ ಮೇಲೆ ನಿಂತಿತ್ತು. ನಿಧಾನಕ್ಕೆ ಆ ಪದ್ಧತಿ ಬದಲಾಗಿ, ಹಾಲಿನ ಪ್ರೋಟೀನಿಗೆ ಬೆಲೆ ಬಂತು. ಕೊಬ್ಬು ತೆಗೆದ ಹಾಲು ಮಾಮೂಲಿ ಹಾಲಾಯಿತು. ಚಳಿ ದೇಶದಲ್ಲೂ ಬರುವಂಥ ರೇಪ್‌ಸೀಡ್ ತಳಿ ಬಂತು. ನಮ್ಮ ಸಾಸಿವೆಯ ಜಾತಿಯ ಗಿಡ ಅದು. ಅಡುಗೆ ಎಣ್ಣೆ ತಮ್ಮ ನೆಲದಲ್ಲೇ ಸಿಗತೊಡಗಿತು.

ಹಸುವಿನಿಂದಲೇ ಬದುಕುತ್ತಿದ್ದವರಿಗೆ ಬೇರೆ ದಾರಿಯನ್ನೂ ತೋರಿಸಿದರು. ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ಕಾಡಲ್ಲಿ ಬ್ಲೂಬೆರ್ರಿ, ಲಿಂಗನ್‌ಬೆರ್ರಿ ತಾವಾಗಿ ಬೆಳೆಯುತ್ತವೆ. ಹೊಲದಲ್ಲಿ ಸ್ಟ್ರಾಬೆರ್ರಿ, ಕರಂಟ್ ಅನ್ನೋ ಸಣ್ಣ ಹಣ್ಣು ಬೆಳೆಯಬಹುದು. ತೊಂದರೆ ಏನೆಂದರೆ ಬೇಸಿಗೆ ಚಿಕ್ಕದು, ಹಣ್ಣು ಕೆಲವೇ ವಾರ ಸಿಗುತ್ತದೆ. ಉಳಿದ ಕಾಲಕ್ಕೆ ಏನು ಮಾಡೋದು? 1980ರ ದಶಕದ ನಡುವೆ ಸರ್ಕಾರದ ನೆರವಿನಿಂದ ಬೆರ್ರಿ ಯೋಜನೆ ಶುರುವಾಯಿತು. ಬೆಳೆಯೋದು, ಕೊಯ್ಯೋದು, ಫ್ರೀಜ್ ಮಾಡಿ ಇಡೋದು, ಮಾರೋದು ಎಲ್ಲಕ್ಕೂ ಏರ್ಪಾಡು ಮಾಡಿದರು. ಹಸು ಬಿಟ್ಟು ಬೆರ್ರಿ ಹಿಡಿದ ರೈತರೂ ಇದ್ದರು. ಹಿಮ ಬೀಳುವ ತಿಂಗಳಲ್ಲೂ ಊರ ಹಣ್ಣು ಊರವರ ತಟ್ಟೆಗೆ ಬಂತು.

ಸಿಗರೇಟಿನ ವಿಷಯಕ್ಕೆ ಕಾನೂನೂ ಬಂತು. 1976ರಲ್ಲಿ ಫಿನ್ಲೆಂಡ್ ತಂಬಾಕು ಕಾಯ್ದೆ ಮಾಡಿ ಜಾಹೀರಾತು ನಿಲ್ಲಿಸಿತು. 1978ರಲ್ಲಿ ಟಿವಿಯಲ್ಲಿ ಸಿಗರೇಟು ಬಿಡಿಸುವ ಕಾರ್ಯಕ್ರಮ ಪ್ರಸಾರವಾಯಿತು. ಬಿಡಬೇಕು ಅಂದುಕೊಂಡ ಕೆಲವರು ಕ್ಯಾಮೆರಾ ಮುಂದೆ ಕೂತು ತಮ್ಮ ಪಾಡು ಹೇಳಿಕೊಂಡರು, ಮನೆಯಲ್ಲಿ ನೋಡುತ್ತಿದ್ದವರು ಅವರ ಜೊತೆಗೇ ಬಿಡಲು ಹೆಣಗಿದರು.

ಪಕ್ಕದೂರಲ್ಲೂ ಇಳಿಯಿತಲ್ಲ?

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಹೋಲಿಕೆಗೆ ಅಂತ ಪಕ್ಕದ ಕುಓಪಿಯೋ ಪ್ರಾಂತ್ಯವನ್ನು ಇಟ್ಟುಕೊಂಡಿದ್ದರು. ಅಲ್ಲಿ ಏನೂ ಮಾಡದೆ ಸುಮ್ನೆ ಅಳತೆ ತೆಗೆಯೋದು ಅಂತ ಲೆಕ್ಕ. ಆದರೆ ಕೆಲವು ವರ್ಷಗಳಲ್ಲಿ ಅಲ್ಲೂ ಸಾವು ಇಳಿಯತೊಡಗಿತು. ಹಾಗಾದರೆ ಯೋಜನೆ ಮಾಡಿದ್ದೇನು ಅಂತ ಹಲವು ಸಂಶೋಧಕರು ಕೇಳಿದರು. ಎರಡೇ ಪ್ರಾಂತ್ಯ, ಅದೂ ಚೀಟಿ ಎತ್ತಿ ಆರಿಸಿದ್ದಲ್ಲ. ಇಷ್ಟರಿಂದ ಖಡಾಖಂಡಿತ ಹೇಳಲು ಆಗೋದಿಲ್ಲ ಅನ್ನೋದು ಅವರ ವಾದ. ಅದು ನ್ಯಾಯವಾದ ಮಾತು.

ಆದರೆ ಹಾಗಾದದ್ದು ಹೇಗೆ ಅಂತಲೂ ನೋಡಬೇಕು. ಟಿವಿ, ಪತ್ರಿಕೆ ಪ್ರಾಂತ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ಅಂಗಡಿಗೆ ಬಂದ ಹೊಸ ಹಾಲು ಕುಓಪಿಯೋ ಅಂಗಡಿಗೂ ಬಂತು. ತಂಬಾಕು ಕಾಯ್ದೆ ಇಡೀ ದೇಶಕ್ಕೆ. 1977ರಲ್ಲಿ ಐದು ವರ್ಷದ ಮೊದಲ ಹಂತ ಮುಗಿದಾಗ, ತಂಡದವರು ಕೆಲಸವನ್ನು ದೇಶಕ್ಕೆಲ್ಲ ಹಬ್ಬಿಸಿದರು. ಹೋಲಿಕೆ ಶುದ್ಧವಾಗಿರಲಿ ಅಂತ ಪಕ್ಕದೂರಿನವರನ್ನು ಸಾಯಲು ಬಿಡೋದು ಯಾರಿಗೆ ಸಾಧ್ಯ? ಸಂಶೋಧನೆಯ ಕಣ್ಣಲ್ಲಿ ಅದು ಕೊರತೆ. ಅವರು ಮಾಡಿದ್ದೇ ಸರಿ ಅಂತ ನಾನು ಒತ್ತಿ ಹೇಳುತ್ತೇನೆ.

ಸಂಖ್ಯೆಗಳಿಗೆ ಬರೋಣ. ಯೋಜನೆ ಔಪಚಾರಿಕವಾಗಿ ಮುಗಿದದ್ದು 1997ರಲ್ಲಿ. 2007ರ ಅಳತೆಯಲ್ಲಿ ಉತ್ತರ ಕರೇಲಿಯಾದ ಗಂಡಸರ ಕೊಲೆಸ್ಟ್ರಾಲ್ ಸುಮಾರು 209ಕ್ಕೆ ಇಳಿದಿತ್ತು. ಬಿಪಿ 138/83. ಸಿಗರೇಟು ಸೇದುವವರು ನೂರಕ್ಕೆ 31. ಗಂಡಸರ ಶ್ವಾಸಕೋಶದ ಕ್ಯಾನ್ಸರ್ ಸಾವು ಸುಮಾರು ಶೇ 80ರಷ್ಟು ಕಡಿಮೆಯಾಯಿತು. ಹೆಂಗಸರಲ್ಲಿ ಮಾತ್ರ ಸಿಗರೇಟು ಜಾಸ್ತಿಯಾಯಿತು. ಅದು ಈ ಕಥೆಯ ನೋವಿನ ಭಾಗ. ಗಂಡಸರನ್ನು ಉಳಿಸಿದ ಸೀಮೆಯ ಹೆಂಗಸರೇ ಆ ಚಟಕ್ಕೆ ಬಿದ್ದರು.

ಹೃದಯದ ಸಾವು ಇಷ್ಟು ಇಳಿದದ್ದು ಊಟದಿಂದಲೋ, ಔಷಧಿಯಿಂದಲೋ? ಲೆಕ್ಕ ಹಾಕಿದವರ ಪ್ರಕಾರ ಮೊದಲ ಹತ್ತು ಹದಿನೈದು ವರ್ಷದ ಇಳಿಕೆ ಹೆಚ್ಚುಕಡಿಮೆ ಪೂರ್ತಿ ಕೊಲೆಸ್ಟ್ರಾಲ್, ಬಿಪಿ, ಸಿಗರೇಟು ಈ ಮೂರರಿಂದ. ಅದರಲ್ಲಿ ದೊಡ್ಡ ಪಾಲು ಕೊಲೆಸ್ಟ್ರಾಲಿನದು. ಆಮೇಲೆ ಒಳ್ಳೆಯ ಚಿಕಿತ್ಸೆ ಬಂತು, ಅದರ ಪಾಲೂ ಸೇರಿತು. ಒಟ್ಟಾರೆ ನೋಡಿದರೆ ಇಳಿಕೆಯ ಮೂರರಲ್ಲಿ ಎರಡು ಪಾಲು ಕೊಲೆಸ್ಟ್ರಾಲ್, ಬಿಪಿ, ಸಿಗರೇಟು ಇಳಿದದ್ದಕ್ಕೇ ಸಲ್ಲುತ್ತದೆ.

ಈ ತಂಡದಲ್ಲಿ ಬೆಳೆದ ಯಾಕೊ ಟುಓಮಿಲೆಹ್ಟೊ ಮುಂದೆ ಸಕ್ಕರೆ ಕಾಯಿಲೆಯ ಕಡೆ ತಿರುಗಿದರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 522 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಒಬ್ಬೊಬ್ಬರ ಜೊತೆಗೂ ಕೂತು ಊಟ, ನಡಿಗೆ, ತೂಕದ ಬಗ್ಗೆ ಹೇಳಿಕೊಟ್ಟರು. ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತು. ಅವರ ತೂಕ ಮೊದಲ ವರ್ಷ ಇಳಿದದ್ದು ಸರಾಸರಿ ನಾಲ್ಕು ಕಿಲೋ ಚಿಲ್ಲರೆ ಅಷ್ಟೇ. 2006ರಲ್ಲಿ ನಮ್ಮ ಪಕ್ಕದ ಚೆನ್ನೈಯಲ್ಲಿ ಎ. ರಾಮಚಂದ್ರನ್ ಅವರ ತಂಡ 531 ಜನರ ಮೇಲೆ ಇಂಥದ್ದೇ ಅಧ್ಯಯನ ಪ್ರಕಟಿಸಿತು. ಅಲ್ಲಿ ಸಿಕ್ಕ ಲಾಭ ಶೇ 28ರ ಹತ್ತಿರ. ಫಿನ್ಲೆಂಡಿನ ಅರ್ಧದಷ್ಟು. ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ತೆಳ್ಳಗಿರುವವರಿಗೂ ಬರುತ್ತದೆ. ಅದಕ್ಕೇ ಫಿನ್ಲೆಂಡಿನ ಸಂಖ್ಯೆಯನ್ನು ಹಾಗೇ ಎತ್ತಿ ನಮಗೆ ಹಚ್ಚಿಕೊಳ್ಳಲು ಬರೋದಿಲ್ಲ. ಆದರೂ ಮಾತ್ರೆ ಇಲ್ಲದೆ, ಅನ್ನದ ಅಳತೆ ಮತ್ತು ನಡಿಗೆಯಿಂದ ಇಷ್ಟು ಆಯಿತಲ್ಲ, ಅದು ಸಣ್ಣದೇನಲ್ಲ.

ಕರೇಲಿಯಾಕ್ಕೇ ವಾಪಸ್ ಬರುತ್ತೇನೆ. 1972ರಲ್ಲಿ ಶುರುವಾದ ಅಳತೆಯನ್ನು ಅವರು ಐದು ವರ್ಷಕ್ಕೊಮ್ಮೆ ತಪ್ಪದೆ ಮಾಡಿಕೊಂಡು ಬಂದರು. ಮೂವತ್ತೈದು ವರ್ಷ ಇಳಿಯುತ್ತಲೇ ಬಂದ ಕೊಲೆಸ್ಟ್ರಾಲ್ 2012ರ ಅಳತೆಯಲ್ಲಿ ಮೊದಲ ಸಲ ಮೇಲಕ್ಕೆ ಹೋಗಿತ್ತು. ಆ ಹೊತ್ತಿಗೆ ಹಿಟ್ಟಿನ ಪದಾರ್ಥ ಬಿಟ್ಟು ಕೊಬ್ಬು ತಿನ್ನುವ ಹೊಸ ಪಥ್ಯ ಬಂದಿತ್ತು, ಬೆಣ್ಣೆ ಒಳ್ಳೆಯದೇ ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತಿತ್ತು. ಅಂಗಡಿಯಲ್ಲಿ ಬೆಣ್ಣೆ ಮತ್ತೆ ಜಾಸ್ತಿ ಹೋಗತೊಡಗಿತ್ತು. ಅಪ್ಪಂದಿರನ್ನು ಮಣ್ಣು ಮಾಡಿದ ನೆನಪು ಇರುವವರಿಗೆ ವಯಸ್ಸಾಗಿತ್ತು, ಬೆಣ್ಣೆ ಕೊಳ್ಳುತ್ತಿದ್ದ ಹುಡುಗರಿಗೆ ಆ ನೆನಪು ಇರಲಿಲ್ಲ. ಊರೂರು ತಿರುಗಿ ರಕ್ತ ತೆಗೆದು ಬರೆದಿಡುವ ಕೆಲಸವನ್ನು ನಿಲ್ಲಿಸದೇ ಇದ್ದದ್ದರಿಂದ, ಹೊಸ ಸಾವುಗಳನ್ನು ಎಣಿಸುವ ಮೊದಲೇ ಅವರಿಗೆ ಇದು ಗೊತ್ತಾಯಿತು.